ಸದ್ದಿಲ್ಲದ ‘ಲೀಡರ್’

‘ಲೀಡರ್’ ಎಂದೊಡನೆ ವೇದಿಕೆ, ಹೂಮಾಲೆ, ಧ್ವನಿವರ್ಧಕಗಳು ನೆನಪಿಗೆ ಬರುವುದು ಸಹಜ. ಆದರೆ ಸದ್ದುಮಾಡದಿರುವುದೇ ಕರ್ತವ್ಯವಾಗಿರುವ ‘ಲೀಡರ್’ ಕೂಡ ಒಂದುಂಟು. ಇಂಗ್ಲೆಂಡಿನ ತೊರೆಗಳಲ್ಲಿ ಟ್ರೌಟ್ ಮೀನನ್ನು ಹಿಡಿಯುವ ಹವ್ಯಾಸಿಗಳು ತಮ್ಮ ದಾರದ ಕೊನೆಗೆ ಕಟ್ಟುವ ಐದಾರು ಅಡಿ ಉದ್ದದ ಹುರಿಗೆ ಆ ಹೆಸರು.

ಈ ಬಗೆಯ ಬೇಟೆಯಲ್ಲಿ ಎರೆಹುಳುವಿಗೆ ಸ್ಥಾನವಿಲ್ಲ. ಪುಟ್ಟ ಗಾಳಕ್ಕೆ ಗರಿ, ತುಪ್ಪಳ, ರೇಷ್ಮೆಗಳನ್ನು ಸುತ್ತಿ ಮಾಡಿದ ಹುಸಿನೊಣವೇ ಆಮಿಷ. ಅದಕ್ಕೆ ತೂಕವೆಂಬುದೇ ಇಲ್ಲ. ತಾನಾಗಿ ದೂರ ಹಾರದು. ಆದುದರಿಂದ ದಪ್ಪ ದಾರದ ತೂಕವನ್ನೇ ಕೋಲಿನಿಂದ ಬೀಸಿ ನೊಣವನ್ನು ಸಾಗಿಸಬೇಕು. ತೊಡಕಿರುವುದು ಇಲ್ಲಿಯೇ. ದಪ್ಪ ದಾರ ನೊಣದ ಬಳಿ ದೊಪ್ಪನೆ ಬಿದ್ದರೆ ಟ್ರೌಟ್ ಮರುಕ್ಷಣವೇ ಮಾಯ. ದಾರವೆಲ್ಲ ತೆಳುವಾದರೋ, ಬೀಸಿದ ಬಲ ನಡುದಾರಿಯಲ್ಲೇ ಉಡುಗಿಹೋಗುತ್ತದೆ. ಚಾಟಿಯಂತೆ ಬುಡದಲ್ಲಿ ದಪ್ಪನಾಗಿ, ತುದಿಯಲ್ಲಿ ತೆಳುವಾಗುವ ಹುರಿಯೇ ಇವೆರಡರ ನಡುವಣ ಸಂಧಾನಕಾರ.

ಈ ಜಾಣ್ಮೆ ಬಹು ಹಳೆಯದು. 1496ರಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕನು ಅಚ್ಚುಹಾಕಿದ ಗಾಳಗಾರಿಕೆಯ ಪ್ರಬಂಧವು ಕುದುರೆಯ ಬಾಲದ ಕೂದಲಿನಿಂದ ದಾರ ಹೊಸೆಯಲು ಕಲಿಸುತ್ತದೆ. ಕಿರುಮೀನಿಗೆ 1 ಕೂದಲು, ಟ್ರೌಟಿಗೆ 9, ದೊಡ್ಡ ಟ್ರೌಟಿಗೆ 12, ಸಾಲ್ಮನ್ನಿಗೆ 15 ಎಂಬುದು ಅದರ ಲೆಕ್ಕ. ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥಕ್ಕೆ ಅವನ ಗೆಳೆಯ ಚಾರ್ಲ್ಸ್ ಕಾಟನ್ 1676ರಲ್ಲಿ ಎರಡನೆಯ ಭಾಗವನ್ನು ಸೇರಿಸಿದನು. ಗಾಳದ ಬಳಿ ಎರಡೇ ಕೂದಲಿದ್ದರೂ 20 ಅಂಗುಲದ ಟ್ರೌಟನ್ನು ದಡಕ್ಕೆ ತರಬಲ್ಲವನೇ ನಿಜವಾದ ಗಾಳಗಾರನೆಂಬುದು ಅವನ ನಿಲುವು. ದಪ್ಪನಾದರೆ ಮೀನು ಕಾಣುತ್ತದೆ, ತೆಳುವಾದರೆ ಕಡಿದುಕೊಂಡು ಹೋಗುತ್ತದೆ. ಆಟದ ಪಣವೆಲ್ಲ ಆ ಎರಡು ಕೂದಲಿನ ಮೇಲೆ!

ಮುಂದೆ ರೇಷ್ಮೆಹುಳುವಿನ ಗ್ರಂಥಿಯನ್ನು ವಿನೆಗರಿನಲ್ಲಿ ನೆನೆಸಿ ಎಳೆದು ತೆಗೆದ ನಾರು ಬಂದಿತು. 1938ರಲ್ಲಿ ಲೋಕಕ್ಕೆ ಪರಿಚಯವಾದ ನೈಲಾನ್ ಕ್ರಮೇಣ ಅದನ್ನೂ ಮೂಲೆಗೊತ್ತಿತು. ಆದರೆ ರಾಟೆಗೆ ಸುತ್ತಿಟ್ಟ ನೈಲಾನ್ ಎಳೆ ಬಿಚ್ಚಿದ ಮೇಲೂ ಸುರುಳಿಯಾಗಿಯೇ ನಿಲ್ಲಲು ಹಟಹಿಡಿಯುತ್ತದೆ. ಮೃದುವಾಗಿ, ನೇರವಾಗಿ ಮಲಗುವ ಹೊಸೆದ ಹುರಿಯನ್ನು ಕೆಲವರು ಇಂದಿಗೂ ಮನೆಯಲ್ಲೇ ಮಾಡಿಕೊಳ್ಳುವುದು ಇದಕ್ಕಾಗಿಯೇ.

ಮಾಡುವ ಕ್ರಮ ಸರಳ. ಉದ್ದನೆಯ ಹಲಗೆಯ ಮೇಲೆ ಎರಡು ಸಾಲು ಗೂಟಗಳನ್ನು ನೆಟ್ಟು, ನಯವಾದ ತೆಳುದಾರವನ್ನು ಅವುಗಳ ಸುತ್ತ ಹಾಯಿಸಬೇಕು. ಕೆಲವು ಸುತ್ತು ತುದಿಯವರೆಗೆ, ಉಳಿದವು ಅರ್ಧಕ್ಕೆ, ಕಾಲಿಗೆ. ಹೀಗೆ ಬುಡದಲ್ಲಿ ಹಲವು ಎಳೆ, ತುದಿಯಲ್ಲಿ ಕೆಲವೇ ಎಳೆ ಇರುವ ಎರಡು ಕಾಲುಗಳಾಗುತ್ತವೆ. ಎರಡನ್ನೂ ಒಂದೇ ದಿಕ್ಕಿಗೆ ಬಿಗಿಯಾಗಿ ತಿರುಚಿ, ಅನಂತರ ಒಟ್ಟುಗೂಡಿಸಿ ವಿರುದ್ಧ ದಿಕ್ಕಿಗೆ ಸುತ್ತಿಕೊಳ್ಳಲು ಬಿಡಬೇಕು. ಪ್ರತಿಯೊಂದು ಕಾಲೂ ತನ್ನ ತಿರುಚನ್ನು ಬಿಚ್ಚಿಕೊಳ್ಳಲು ಹೆಣಗುತ್ತದೆ. ಆ ಹೆಣಗಾಟವೇ ಜೊತೆಯದನ್ನು ಬಿಗಿಯುತ್ತದೆ. ಗಜದುದ್ದದ ನೂಲನ್ನು ಚೆನ್ನಾಗಿ ತಿರುಚಿ ಎರಡು ತುದಿಗಳನ್ನೂ ಹತ್ತಿರ ತಂದರೆ ಈ ಸೋಜಿಗವನ್ನು ಮನೆಯ ಮಕ್ಕಳೂ ನೋಡಬಹುದು.

ಹುರಿಯ ತುದಿಗೆ ಎರಡು ಮೂರು ಅಡಿಯ ಒಂಟಿ ನೈಲಾನ್ ಎಳೆಯನ್ನು ಸೇರಿಸಿ, ಅದಕ್ಕೆ ನೊಣವನ್ನು ಕಟ್ಟುವುದು ವಾಡಿಕೆ. ಮೀನು ಅತಿಯಾಗಿ ಜಗ್ಗಿದರೆ ಹರಿಯುವುದು ಆ ಎಳೆ ಮಾತ್ರ. ಶ್ರಮಪಟ್ಟು ಹೊಸೆದ ಹುರಿ ಉಳಿಯುತ್ತದೆ. ದೋಷವೊಂದುಂಟು: ಹುರಿಯು ನೀರು ಕುಡಿದರೆ ಬೀಸುವಾಗ ತುಂತುರು ಚಿಮ್ಮಿ ಮೀನನ್ನು ಬೆದರಿಸುತ್ತದೆ. ಮೇಣವನ್ನೋ ಜಿಡ್ಡನ್ನೋ ಸವರುವುದು ಅದಕ್ಕೆ ಮದ್ದು. ಮೀನಿನ ಕಣ್ಣಿಗೆ ಬಿದ್ದೊಡನೆ ಈ ಲೀಡರಿನ ಲೀಡರಿಕೆ ಮುಗಿಯಿತೆಂದೇ ಲೆಕ್ಕ.