ಹಕ್ಕಿಯ ಕಾಲಿನ ಉಂಗುರ

ಚಳಿಗಾಲ ಬಂತೆಂದರೆ ನಮ್ಮ ಕೆರೆಗಳಿಗೆ ದೂರದ ಅತಿಥಿಗಳು ಬರತೊಡಗುತ್ತವೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋದರೆ ನೀವೇ ಅವನ್ನು ನೋಡಬಹುದು. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತುಗಳು ಮಧ್ಯ ಏಷ್ಯಾದಿಂದ ಹಿಮಾಲಯವನ್ನು ದಾಟಿ ಇಲ್ಲಿಗೆ ತಲುಪುತ್ತವೆ. ಚಳಿ ಮುಗಿದೊಡನೆ ಮರಳುತ್ತವೆ. ಈ ಕೆರೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದೆ.

ಹಕ್ಕಿ ಎಲ್ಲಿಂದ ಬಂತೆಂದು ತಿಳಿಯುವುದು ಹೇಗೆ? ಅದಕ್ಕೆ ನೆರವಾಗುವುದು ಒಂದು ಪುಟ್ಟ ಉಂಗುರ. ನವಿರಾದ ಬಲೆಯಲ್ಲಿ ಹಕ್ಕಿಯನ್ನು ಹಿಡಿದು, ತೂಕ, ಅಳತೆ ಬರೆದುಕೊಂಡು, ಸಂಖ್ಯೆ ಕೊರೆದ ಹಗುರವಾದ ಲೋಹದ ಉಂಗುರವನ್ನು ಕಾಲಿಗೆ ತೊಡಿಸಿ ಬಿಟ್ಟುಬಿಡುತ್ತಾರೆ. ಅದೇ ಹಕ್ಕಿ ಮತ್ತೆಲ್ಲಾದರೂ ಸಿಕ್ಕಿದರೆ ಅದರ ದಾರಿ ತಿಳಿಯುತ್ತದೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿರುವುದು ಹೀಗೆಯೇ ಗೊತ್ತಾಯಿತು.

ನಮ್ಮ ದೇಶದಲ್ಲಿ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆಯಲು ಕಾರಣವಾದದ್ದು ನಮ್ಮ ಮಲೆನಾಡಿನ ಒಂದು ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಜನರೂ ಜ್ವರಕ್ಕೆ ಬಲಿಯಾದರು. ಅದೇ ಮಂಗನ ಕಾಯಿಲೆ. ಅದರ ವೈರಾಣು ರಷ್ಯಾದಲ್ಲಿ ಕಂಡುಬಂದಿದ್ದ ಒಂದು ವೈರಾಣುವನ್ನು ಹೋಲುತ್ತಿತ್ತು. ಹಾಗಾದರೆ ಅಷ್ಟು ದೂರದಿಂದ ಅದನ್ನು ತಂದವರು ಯಾರು? ಸಂಶಯ ವಲಸೆ ಹಕ್ಕಿಗಳ ಮೇಲೆ ಬಿತ್ತು.

ಖ್ಯಾತ ಪಕ್ಷಿತಜ್ಞ ಡಾ. ಸಲೀಂ ಅಲಿ (1896-1987) ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ತನಿಖೆಗಿಳಿಯಿತು. ಸಾವಿರಾರು ಹಕ್ಕಿಗಳಿಗೆ ಉಂಗುರ ತೊಡಿಸಲಾಯಿತು. ಅವುಗಳ ಮೈಮೇಲಿನ ಉಣ್ಣಿಗಳನ್ನೂ ಪರೀಕ್ಷಿಸಲಾಯಿತು. ಆದರೆ ಕಾಯಿಲೆಯನ್ನು ಹೊರಗಿನಿಂದ ತಂದದ್ದು ಹಕ್ಕಿಗಳೇ ಎಂಬುದಕ್ಕೆ ನೇರ ಪುರಾವೆ ಸಿಗಲಿಲ್ಲ. ಬದಲಾಗಿ, ಹಕ್ಕಿಗಳ ವಲಸೆಯ ದಾರಿಗಳ ಬಗ್ಗೆ ಅಪಾರ ಮಾಹಿತಿ ಸಿಕ್ಕಿತು.

ಇದರಲ್ಲಿ ನಮಗೊಂದು ಪಾಠವಿದೆ. ದುರ್ನಡತೆಯವನೊಬ್ಬ ಸುದ್ದಿ ತಂದರೆ ಮೊದಲು ವಿಚಾರಿಸಿ ನೋಡಬೇಕು, ಇಲ್ಲದಿದ್ದರೆ ಅರಿಯದೆ ಒಂದು ಜನಾಂಗಕ್ಕೇ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪಪಡಬೇಕಾದೀತು ಎಂದು ಪವಿತ್ರ ಕುರ್‌ಆನಿನ ಸೂರಃ ಅಲ್ ಹುಜುರಾತ್ ಎಚ್ಚರಿಸುತ್ತದೆ. ಮಾತು ಬಾರದ ಹಕ್ಕಿಯ ಮೇಲಿನ ಆರೋಪವನ್ನು ಪರಿಶೀಲಿಸಲು ವಿಜ್ಞಾನಿಗಳು ವರ್ಷಗಟ್ಟಲೆ ಬೆವರು ಸುರಿಸಿದರು. ನಾವಾದರೋ ಬೀದಿಗೆ ಹೊಸದಾಗಿ ಬಂದ ಕುಟುಂಬದ ಬಗ್ಗೆ, ನೆರೆಮನೆಯ ಹುಡುಗಿಯ ಬಗ್ಗೆ ಒಂದೇ ನಿಮಿಷದಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ!

ಈ ಚಳಿಗಾಲದಲ್ಲಿ ಮಕ್ಕಳನ್ನು ಹತ್ತಿರದ ಕೆರೆಗೆ ಕರೆದೊಯ್ಯಿರಿ. ಸದ್ದು ಮಾಡದೆ ದೂರದಿಂದಲೇ ನೋಡಲು ಕಲಿಸಿರಿ. ಉಂಗುರವೋ ಕೊರಳಪಟ್ಟಿಯೋ ಇರುವ ಹಕ್ಕಿ ಕಂಡರೆ ಹಿಡಿಯಬೇಡಿ. ಬಣ್ಣ, ಅಕ್ಷರ, ಸಂಖ್ಯೆ, ದಿನಾಂಕ, ಸ್ಥಳ ಬರೆದುಕೊಂಡು ಅರಣ್ಯ ಇಲಾಖೆಗೆ ತಿಳಿಸಿರಿ. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟದಿರಿ. ಕಂಡದ್ದನ್ನಷ್ಟೇ ಬರೆಯುವ, ಕಾಣದ್ದನ್ನು ಹೇಳದಿರುವ ಅಭ್ಯಾಸ ಕೆರೆಯ ದಂಡೆಯಲ್ಲೇ ಮಕ್ಕಳಿಗೆ ಬರಲಿ. ಮುಂದೆ ಮನುಷ್ಯರ ನಡುವೆಯೂ ಅದು ಅವರಿಗೆ ನೆರವಾದೀತು.