ಬಿಸಿಲಿಗೊಂದು ಕಾನೂನು



ಸೌರಫಲಕವನ್ನು ನೀವೆಲ್ಲರೂ ನೋಡಿದ್ದೀರಿ. ಬೀದಿದೀಪದ ಕಂಬದ ಮೇಲೆ, ಹೊಲದ ಪಂಪ್‌ಸೆಟ್ಟಿನ ಪಕ್ಕದಲ್ಲಿ, ಕೆಲವು ಶಾಲೆಗಳ ಚಾವಣಿಯ ಮೇಲೆ ಅದು ಇರುತ್ತದೆ. ಅದರ ಮೇಲೆ ಬಿಸಿಲು ಬಿದ್ದರೆ ವಿದ್ಯುತ್ ಉಂಟಾಗುತ್ತದೆ ಎಂಬುದೂ ನಿಮಗೆ ಗೊತ್ತು. ಈ ಫಲಕದಲ್ಲಿರುವ ಸಿಲಿಕಾನ್ ಸೌರಕೋಶ ಹೊಸದೇನಲ್ಲ. ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಅದನ್ನು 1954ರಲ್ಲೇ ಮಾಡಿ ತೋರಿಸಿದ್ದರು. ಆದರೂ ಮುಂದಿನ ನಾಲ್ಕು ದಶಕಗಳ ಕಾಲ ಅದು ಹೆಚ್ಚಾಗಿ ಉಪಗ್ರಹಗಳಲ್ಲಿ, ಕ್ಯಾಲ್ಕ್ಯುಲೇಟರ್‌ಗಳಲ್ಲಿ, ವಿದ್ಯುತ್ ತಂತಿ ಹೋಗದ ದೂರದ ಜಾಗಗಳಲ್ಲಿ ಮಾತ್ರ ಉಳಿಯಿತು. ಸಾಮಾನ್ಯರ ಮನೆಯ ಚಾವಣಿಗೆ ಬರಲೇ ಇಲ್ಲ.

ಏಕೆ ಬರಲಿಲ್ಲ? ಬೆಲೆ ಹೆಚ್ಚಿತ್ತು. ಬೆಲೆ ಹೆಚ್ಚಿದ್ದರಿಂದ ಕೊಳ್ಳುವವರಿರಲಿಲ್ಲ. ಕೊಳ್ಳುವವರಿಲ್ಲದೆ ದೊಡ್ಡ ಕಾರ್ಖಾನೆಗಳು ಬರಲಿಲ್ಲ. ದೊಡ್ಡ ಕಾರ್ಖಾನೆಗಳಿಲ್ಲದೆ ಬೆಲೆ ಇಳಿಯಲಿಲ್ಲ! ಈ ಸುತ್ತನ್ನು ಮುರಿಯಲು ವಿಜ್ಞಾನಿಗಳ ಜಾಣತನವೊಂದೇ ಸಾಲಲಿಲ್ಲ. ಒಂದು ಕಾನೂನೂ ಬೇಕಾಯಿತು. ಕಾನೂನು ಎಂದರೆ ಸಮಾಜ ವಿಜ್ಞಾನದ ಪಾಠ, ವಿದ್ಯುತ್ ಎಂದರೆ ವಿಜ್ಞಾನದ ಪಾಠ ಎಂದು ನಾವು ಬೇರೆ ಬೇರೆ ಓದುತ್ತೇವೆ. ಆದರೆ ನಿಜ ಜೀವನದಲ್ಲಿ ಇವೆರಡೂ ಒಂದೇ ತಂತಿಯಲ್ಲಿ ಹರಿಯುತ್ತವೆ ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಜರ್ಮನಿಯ ಒಬ್ಬ ಸಂಸದರ ಕೆಲಸವೇ ಒಳ್ಳೆಯ ಉದಾಹರಣೆ.

ಯಾರು ಈ ಸಂಸದರು?

ಅವರ ಹೆಸರು ಹರ್ಮನ್ ಶೇರ್. ಹುಟ್ಟಿದ್ದು 1944ರಲ್ಲಿ. 1980ರಲ್ಲಿ ಜರ್ಮನಿಯ ಸಂಸತ್ತಿಗೆ ಆಯ್ಕೆಯಾಗಿ 2010ರಲ್ಲಿ ತೀರಿಕೊಳ್ಳುವವರೆಗೂ ಅದರ ಸದಸ್ಯರಾಗಿದ್ದರು. ಅವರು ವಿಜ್ಞಾನಿಯಲ್ಲ. ಆದರೆ 1988ರಲ್ಲೇ ಸೌರಶಕ್ತಿಯ ಪ್ರಚಾರಕ್ಕಾಗಿ ‘ಯೂರೋಸೋಲಾರ್’ ಎಂಬ ಸಂಘಟನೆ ಕಟ್ಟಿದರು. ಈ ಕೆಲಸದಲ್ಲಿ ಅವರು ಒಂಟಿಯಾಗಿರಲಿಲ್ಲ. ಅವರ ಜೊತೆ ನಿಂತ ಮುಖ್ಯ ಸಂಸದರಲ್ಲಿ ಒಬ್ಬರು ಹಾನ್ಸ್ ಯೋಸೆಫ್ ಫೆಲ್. ಅವರು ಸಂಸತ್ತಿಗೆ ಬರುವ ಮೊದಲು ಶಾಲೆಯಲ್ಲಿ ಭೌತವಿಜ್ಞಾನ ಕಲಿಸುತ್ತಿದ್ದರು!

ಜರ್ಮನಿಯಲ್ಲಿ ಬಿಸಿಲು ನಮ್ಮಷ್ಟು ಇಲ್ಲ. ಭೂಪಟ ತೆಗೆದು ನೋಡಿ. ನಮ್ಮ ಕರ್ನಾಟಕ ಸುಮಾರು 11.5ರಿಂದ 18.5 ಡಿಗ್ರಿ ಉತ್ತರ ಅಕ್ಷಾಂಶಗಳ ನಡುವೆ ಇದೆ. ಜರ್ಮನಿ ಇರುವುದು 47ರಿಂದ 55 ಡಿಗ್ರಿಗಳ ನಡುವೆ. ಅಲ್ಲಿ ಸೂರ್ಯನ ಕಿರಣಗಳು ಓರೆಯಾಗಿ ಬೀಳುತ್ತವೆ. ಚಳಿಗಾಲದ ಹಗಲು ಬಹಳ ಚಿಕ್ಕದು. ಒಂದು ಕಿಲೋವ್ಯಾಟ್ ಸೌರಫಲಕ ನಮ್ಮಲ್ಲಿ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಟ್ಟರೆ, ಅಲ್ಲಿ ಸುಮಾರು 900 ಯೂನಿಟ್ ಕೊಡುತ್ತದೆ. ಅಂಥ ದೇಶದಲ್ಲಿ ಸೌರಶಕ್ತಿಗೆ ಬಾಗಿಲು ತೆರೆದದ್ದು ಬಿಸಿಲಲ್ಲ, ಕಾನೂನು.

ಕಾನೂನು ಏನು ಹೇಳಿತು?

ಜರ್ಮನಿಯಲ್ಲಿ 1991ರಿಂದಲೇ ಒಂದು ಚಿಕ್ಕ ಕಾನೂನು ಜಾರಿಯಲ್ಲಿತ್ತು. ಗಾಳಿ, ಬಿಸಿಲು, ಹರಿಯುವ ನೀರಿನಿಂದ ಯಾರಾದರೂ ವಿದ್ಯುತ್ ತಯಾರಿಸಿದರೆ ವಿದ್ಯುತ್ ಕಂಪನಿಗಳು ಅದನ್ನು ಕೊಳ್ಳಲೇಬೇಕು ಎಂದು ಅದು ಹೇಳಿತ್ತು. ಸೌರವಿದ್ಯುತ್ತಿಗೆ ಸಿಗುತ್ತಿದ್ದ ದರ ಯೂನಿಟ್‌ಗೆ ಸುಮಾರು 17 ಫೆನಿಗ್. ಆಗ ಅಲ್ಲಿ 100 ಫೆನಿಗ್‌ಗೆ ಒಂದು ಮಾರ್ಕ್. ಲೆಕ್ಕ ಹಾಕಿ: ವರ್ಷಕ್ಕೆ 900 ಯೂನಿಟ್ ಮಾರಿದರೆ ಬರುವುದು 153 ಮಾರ್ಕ್ ಮಾತ್ರ. ಫಲಕಕ್ಕೆ ಹಾಕಿದ ಹಣ ಎಂದಿಗೂ ಮರಳಿ ಬರುವಂತಿರಲಿಲ್ಲ.

ಶೇರ್ ಮತ್ತು ಅವರ ಜೊತೆಗಾರರು ಪ್ರಶ್ನೆಯನ್ನೇ ತಿರುಗಿಸಿ ಕೇಳಿದರು. ‘ವಿದ್ಯುತ್ ಕಂಪನಿ ಎಷ್ಟು ಕೊಡಬಲ್ಲದು?’ ಎಂಬುದು ಹಳೆಯ ಪ್ರಶ್ನೆ. ‘ಎಷ್ಟು ಕೊಟ್ಟರೆ ಒಬ್ಬ ಸಾಮಾನ್ಯ ಮನೆಯವನು ನಷ್ಟವಿಲ್ಲದೆ ಫಲಕ ಹಾಕಿಸಬಲ್ಲ?’ ಎಂಬುದು ಹೊಸ ಪ್ರಶ್ನೆ. 1999ರಲ್ಲಿ ‘ಒಂದು ಲಕ್ಷ ಚಾವಣಿ’ ಎಂಬ ಯೋಜನೆ ಬಂತು. ಫಲಕ ಹಾಕಿಸಲು ಸುಲಭ ಸಾಲ ಸಿಕ್ಕಿತು. ಮರುವರ್ಷ, 2000ದ ಏಪ್ರಿಲ್ 1ರಂದು ‘ನವೀಕರಿಸಬಹುದಾದ ಇಂಧನ ಕಾಯ್ದೆ’ ಜಾರಿಗೆ ಬಂತು. ಆ ಮಸೂದೆಯನ್ನು ಸಂಸತ್ತಿನ ಮುಂದೆ ತಂದದ್ದು ಯಾವುದೋ ಸಚಿವಾಲಯವಲ್ಲ, ಸಂಸದರೇ. ಅದರ ಮುಖ್ಯ ಅಂಶಗಳು ಹೀಗಿದ್ದವು:

ಒಂದು, ಸೌರವಿದ್ಯುತ್ತಿಗೆ ಯೂನಿಟ್‌ಗೆ 99 ಫೆನಿಗ್ ದರ. ಈಗ ಮತ್ತೆ ಲೆಕ್ಕ ಹಾಕಿ. ಅದೇ 900 ಯೂನಿಟ್‌ಗೆ 891 ಮಾರ್ಕ್!

ಎರಡು, ಈ ದರ 20 ವರ್ಷ ಬದಲಾಗುವುದಿಲ್ಲ ಎಂಬ ಭರವಸೆ. ಇದರಿಂದ ಬ್ಯಾಂಕುಗಳು ಧೈರ್ಯವಾಗಿ ಸಾಲ ಕೊಟ್ಟವು.

ಮೂರು, 2002ರಿಂದ ಪ್ರತಿ ವರ್ಷ ಹೊಸದಾಗಿ ಸೇರುವವರಿಗೆ ದರ ಶೇಕಡಾ 5ರಷ್ಟು ಕಡಿಮೆ. ಅಂದರೆ ಮೊದಲು ಸೇರಿದವರಿಗೆ 100 ಸಿಕ್ಕರೆ, ನಂತರದವರಿಗೆ 95, ಆಮೇಲಿನವರಿಗೆ 90.25. ಹೀಗಾಗಿ ಫಲಕ ತಯಾರಕರು ವರ್ಷ ವರ್ಷವೂ ಬೆಲೆ ಇಳಿಸಲೇಬೇಕಾಯಿತು.

ಈ ಮೂರನೆಯ ಅಂಶ ನನಗೆ ಬಹಳ ಇಷ್ಟ. ಮಗು ನಡೆಯಲು ಕಲಿಯುವಾಗ ನಾವು ಬೆರಳು ಹಿಡಿಸುತ್ತೇವೆ. ಆದರೆ ಜೀವನವಿಡೀ ಬೆರಳು ಹಿಡಿಸುವುದಿಲ್ಲ. ಒಳ್ಳೆಯ ಸಹಾಯ ಯಾವಾಗ ಕೈ ಬಿಡಬೇಕೆಂಬುದನ್ನು ಮೊದಲೇ ಹೇಳಿಟ್ಟಿರುತ್ತದೆ.

ಫಲ ಏನಾಯಿತು?

2000ದಲ್ಲಿ ಜರ್ಮನಿ ಬಳಸುತ್ತಿದ್ದ ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಸುಮಾರು ಶೇಕಡಾ 6. ಅದು 2023ರಲ್ಲಿ ಅರ್ಧವನ್ನು ದಾಟಿತು. ಅಷ್ಟೇ ಅಲ್ಲ, ಜರ್ಮನಿಯ ಚಾವಣಿಗಳಿಗಾಗಿ ಫಲಕ ತಯಾರಿಸಲು ಅಲ್ಲಿಯೂ ಆಮೇಲೆ ಚೀನಾದಲ್ಲಿಯೂ ದೊಡ್ಡ ಕಾರ್ಖಾನೆಗಳು ಎದ್ದವು. ಉತ್ಪಾದನೆ ಹೆಚ್ಚಿತು, ಬೆಲೆ ಕುಸಿಯಿತು. ದೊಡ್ಡ ಸೌರ ಸ್ಥಾವರಗಳಲ್ಲಿ ತಯಾರಾಗುವ ವಿದ್ಯುತ್ತಿನ ವೆಚ್ಚ 2010ರಿಂದ 2020ರ ನಡುವೆ ಜಗತ್ತಿನಲ್ಲಿ ಸುಮಾರು ಶೇಕಡಾ 85ರಷ್ಟು ಇಳಿಯಿತು. ಈ ಸ್ಪರ್ಧೆಯಲ್ಲಿ ಜರ್ಮನಿಯದೇ ಹಲವು ಕಾರ್ಖಾನೆಗಳು ಮುಚ್ಚಿಹೋದವು ಎಂಬುದೂ ನಿಜ.

ಈ ಬೆಲೆ ಇಳಿತದ ಲಾಭ ನಮ್ಮ ರಾಜ್ಯಕ್ಕೂ ಬಂತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಜಮೀನಿನಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ನಿರ್ಮಾಣವಾಯಿತು. ಬರದ ತಾಲ್ಲೂಕಿನ ಬಿಸಿಲಿಗೂ ಒಂದು ಬೆಲೆ ಬಂತು. ಈ ಬೆಲೆ ಇಳಿತಕ್ಕೆ ಅನೇಕ ಕಾರಣಗಳಿವೆ. ಅವುಗಳಲ್ಲಿ ಒಂದು, ದೂರದ ಮೋಡ ಕವಿದ ದೇಶದಲ್ಲಿ ಸಂಸದರು ಬರೆದ ಕಾನೂನು.

ಬಿಲ್ಲು ಕಟ್ಟಿದವರು ಯಾರು?

ಇನ್ನೊಂದು ಮುಖವನ್ನೂ ನೋಡಬೇಕು. 99 ಫೆನಿಗ್ ಎಲ್ಲಿಂದ ಬಂತು? ಸರ್ಕಾರದ ಖಜಾನೆಯಿಂದಲ್ಲ. ವಿದ್ಯುತ್ ಬಳಸುವವರ ಬಿಲ್ಲಿಗೆ ಒಂದು ಹೆಚ್ಚುವರಿ ಶುಲ್ಕ ಸೇರಿಸಿ ಅದನ್ನು ಹೊಂದಿಸಲಾಯಿತು. ಮೊದಮೊದಲು ಅದು ತೀರಾ ಕಡಿಮೆ ಇತ್ತು. ಫಲಕಗಳು ಹೆಚ್ಚಿದಂತೆ ಅದೂ ಏರಿ 2017ರಲ್ಲಿ ಯೂನಿಟ್‌ಗೆ 6.88 ಸೆಂಟ್ ಆಯಿತು. (ಆ ಹೊತ್ತಿಗೆ ಅಲ್ಲಿ ಮಾರ್ಕ್ ಹೋಗಿ ಯೂರೋ ಬಂದಿತ್ತು. 100 ಸೆಂಟ್‌ಗೆ ಒಂದು ಯೂರೋ.) ವರ್ಷಕ್ಕೆ 3,500 ಯೂನಿಟ್ ಬಳಸುವ ಮನೆಗೆ ಬರೀ ಈ ಶುಲ್ಕವೇ 240 ಯೂರೋ ಆಯಿತು.

ಜರ್ಮನಿಯಲ್ಲಿ ಅರ್ಧದಷ್ಟು ಕುಟುಂಬಗಳು ಬಾಡಿಗೆ ಮನೆಯಲ್ಲಿವೆ. ಬಾಡಿಗೆ ಮನೆಯವರಿಗೆ ಸ್ವಂತ ಚಾವಣಿ ಇಲ್ಲ, ಫಲಕ ಹಾಕಿಸಿ ಹಣ ಗಳಿಸುವ ದಾರಿಯೂ ಸುಲಭವಲ್ಲ. ಆದರೆ ಶುಲ್ಕ ಮಾತ್ರ ಅವರೂ ಕಟ್ಟಬೇಕಿತ್ತು. ಇತ್ತ ಬಹಳ ವಿದ್ಯುತ್ ಬಳಸುವ ಅನೇಕ ದೊಡ್ಡ ಕಾರ್ಖಾನೆಗಳಿಗೆ ಈ ಶುಲ್ಕದಲ್ಲಿ ಹೆಚ್ಚಿನ ಪಾಲು ವಿನಾಯಿತಿ ಇತ್ತು! ಇದು ನ್ಯಾಯವೇ?

ಕಾನೂನಿನ ಪರವಾಗಿರುವವರೂ ಒಂದು ಮಾತು ಹೇಳುತ್ತಾರೆ. ಕಲ್ಲಿದ್ದಲಿಗಾಗಿಯೂ ಜರ್ಮನಿಯ ಜನ 1995ರವರೆಗೆ ತಮ್ಮ ವಿದ್ಯುತ್ ಬಿಲ್ಲಿನಲ್ಲಿ ಒಂದು ಶುಲ್ಕ ಕಟ್ಟುತ್ತಿದ್ದರು. ಕಲ್ಲಿದ್ದಲ ಹೊಗೆಯಿಂದ ಬರುವ ಕೆಮ್ಮು, ಬಿಸಿಯಾಗುವ ಭೂಮಿ, ಇವುಗಳ ವೆಚ್ಚ ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಹಾಗಿರುವಾಗ ಬಿಸಿಲನ್ನು ಮಾತ್ರ ದುಬಾರಿ ಎನ್ನುವುದು ಸರಿಯೆ? ಈ ವಾದದಲ್ಲಿ ಹುರುಳಿದೆ. ಆದರೂ ಎಲ್ಲರ ಒಳಿತಿನ ಕೆಲಸದ ಹೊರೆಯನ್ನು ಎಲ್ಲರೂ ಅವರವರ ಶಕ್ತಿಗೆ ತಕ್ಕಂತೆ ಹೊರಬೇಕು ಎಂಬುದು ನನ್ನ ಅಭಿಪ್ರಾಯ. 2022ರ ಜುಲೈನಿಂದ ಜರ್ಮನಿ ಈ ಶುಲ್ಕವನ್ನು ಬಿಲ್ಲಿನಿಂದ ತೆಗೆದು, ಸರ್ಕಾರದ ಹಣದಿಂದಲೇ ವೆಚ್ಚ ಭರಿಸಲು ನಿರ್ಧರಿಸಿತು. ಆ ತಿದ್ದುಪಡಿ ಇನ್ನೂ ಮೊದಲೇ ಬರಬೇಕಿತ್ತು.

ಉಳಿಸಿದ ಯೂನಿಟ್ ಎಲ್ಲಿ?

ಶೇರ್ ಅವರು ಒತ್ತಿ ಹೇಳುತ್ತಿದ್ದ ಇನ್ನೊಂದು ವಿಷಯವಿದೆ. ಕಲ್ಲಿದ್ದಲು, ತೈಲಗಳು ಗಣಿಯಿಂದ ನಮ್ಮ ಮನೆಯವರೆಗೆ ಬಹಳ ದೂರ ಬರಬೇಕು. ದಾರಿಯುದ್ದಕ್ಕೂ ನಷ್ಟವೇ. ಒಂದು ಕಲ್ಲಿದ್ದಲು ಸ್ಥಾವರದಲ್ಲಿ 100 ಪಾಲು ಶಾಖ ಹುಟ್ಟಿದರೆ ಸುಮಾರು 35 ಪಾಲು ಮಾತ್ರ ವಿದ್ಯುತ್ ಆಗುತ್ತದೆ. ತಂತಿಯಲ್ಲಿ ಇನ್ನಷ್ಟು ಸೋರಿ 31 ಪಾಲು ಮನೆ ತಲುಪಿತೆನ್ನೋಣ. ಅದನ್ನು ಹಳೆಯ ಬುರುಡೆ ಬಲ್ಬಿಗೆ ಕೊಟ್ಟರೆ ಶೇಕಡಾ 5ರಷ್ಟು ಮಾತ್ರ ಬೆಳಕಾಗುತ್ತದೆ. ಅಂದರೆ 100ರಲ್ಲಿ ಒಂದೂವರೆ ಪಾಲು! ಬಕೆಟ್ ತುಂಬ ನೀರು ಸೇದಿ, ಮನೆಗೆ ಒಂದು ಲೋಟ ತಂದಂತೆ.

ಚಾವಣಿಯ ಮೇಲೆ ವಿದ್ಯುತ್ ತಯಾರಿಸಿದರೆ ದಾರಿ ಹತ್ತಿರವಾಗುತ್ತದೆ. ಆದರೆ ಕೊನೆಯಲ್ಲಿರುವ ಬಲ್ಬು ಹಾಗೆಯೇ ಉಳಿದರೆ? 2000ದ ಕಾನೂನು ತಯಾರಿಸಿದ ಯೂನಿಟ್‌ಗೆ ಹಣ ಕೊಟ್ಟಿತು, ಉಳಿಸಿದ ಯೂನಿಟ್‌ಗೆ ಕೊಡಲಿಲ್ಲ. ಉಳಿತಾಯಕ್ಕೆ ಬೇರೆ ನಿಯಮಗಳೇ ಬೇಕಾದವು. ಜರ್ಮನಿಯಲ್ಲಿ ಮನೆಯ ಶಾಖ ಸೋರಬಾರದೆಂಬ ನಿಯಮ 1977ರಲ್ಲೇ ಬಂದಿತ್ತು. ಬುರುಡೆ ಬಲ್ಬುಗಳನ್ನು ಐರೋಪ್ಯ ಒಕ್ಕೂಟ 2009ರಿಂದ ಹಂತ ಹಂತವಾಗಿ ಮಾರುಕಟ್ಟೆಯಿಂದ ತೆಗೆಯಿತು. ನಮ್ಮ ಸಂಸತ್ತು 2001ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆ ಮಾಡಿತು. ಫ್ರಿಜ್‌ಗಳ ಮೇಲೆ ನೀವು ಕಾಣುವ ನಕ್ಷತ್ರದ ಚೀಟಿ 2006ರಲ್ಲಿ ಬಂದದ್ದು ಅದರ ಫಲವಾಗಿಯೇ.

ಒಂದು 60 ವ್ಯಾಟ್ ಬಲ್ಬು ತೆಗೆದು 9 ವ್ಯಾಟ್‌ನ ಎಲ್‌ಇಡಿ ಹಾಕಿ, ದಿನಕ್ಕೆ 4 ಗಂಟೆ ಉರಿಸಿದರೆ ವರ್ಷಕ್ಕೆ 74 ಯೂನಿಟ್ ಉಳಿಯುತ್ತದೆ. ಇಂಥ 12 ಬಲ್ಬುಗಳ ಉಳಿತಾಯ ಜರ್ಮನಿಯ ಒಂದು ಕಿಲೋವ್ಯಾಟ್ ಫಲಕದ ಇಡೀ ವರ್ಷದ ದುಡಿಮೆಗೆ ಹತ್ತಿರ ಹತ್ತಿರ ಸಮ. ಆದರೆ ಫಲಕ ಎಲ್ಲರ ಕಣ್ಣಿಗೆ ಬೀಳುತ್ತದೆ, ಉಳಿತಾಯ ಕಾಣುವುದಿಲ್ಲ. ಫಲಕದ ಉದ್ಘಾಟನೆಗೆ ಹಾರ, ತುರಾಯಿ ಇರುತ್ತದೆ. ಬಲ್ಬು ಬದಲಾಯಿಸಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ! ಕಾಣದ ಈ ಉಳಿತಾಯವನ್ನು ಕಾಣುವ ಫಲಕದಷ್ಟೇ ಗೌರವದಿಂದ ಎಣಿಸುವವರೇ ನಿಜವಾದ ಶಾಸನಕಾರರು ಎನ್ನುತ್ತೇನೆ ನಾನು. ಅದರಲ್ಲೂ ಬಿಸಿಲು ರಾತ್ರಿ ಇರುವುದಿಲ್ಲ. ಗಾಳಿ ಎಲ್ಲ ದಿನ ಬೀಸುವುದಿಲ್ಲ. ಜರ್ಮನಿ ಇಂದಿಗೂ ಗಾಳಿಯಿಲ್ಲದ ಚಳಿಗಾಲದ ಸಂಜೆಗಳಲ್ಲಿ ಕಲ್ಲಿದ್ದಲು, ಅನಿಲಗಳನ್ನು ಉರಿಸುತ್ತದೆ. ಅಂಥ ಹೊತ್ತಿನಲ್ಲಿ ಬೇಡಿಕೆ ಕಡಿಮೆ ಇದ್ದಷ್ಟೂ ಒಳ್ಳೆಯದು.

ಈಗ ನಿಮ್ಮ ಸರದಿ

ನಿಮ್ಮ ಶಾಲೆಯಲ್ಲೂ ಶಾಲಾ ಸಂಸತ್ತು ಇದೆಯಲ್ಲವೆ? ನಿಮ್ಮಲ್ಲೂ ಪ್ರಧಾನಿ, ಮಂತ್ರಿಗಳು, ವಿರೋಧ ಪಕ್ಷದ ನಾಯಕರು ಇರುತ್ತಾರೆ. ಮುಂದಿನ ಸಭೆಯಲ್ಲಿ ಶಾಲೆಯ ವಿದ್ಯುತ್ ಬಳಕೆಯ ಬಗ್ಗೆ ಒಂದು ಮಸೂದೆ ಮಂಡಿಸಿ. ಅದಕ್ಕೆ ಮೊದಲು ಶಿಕ್ಷಕರ ಜೊತೆ ಹೋಗಿ, ದೂರದಿಂದಲೇ ಮೀಟರ್ ಓದಿ, ತಿಂಗಳಿಗೆ ಎಷ್ಟು ಯೂನಿಟ್ ಖರ್ಚಾಗುತ್ತಿದೆ ಎಂದು ಬರೆದುಕೊಳ್ಳಿ. ಮಸೂದೆಗೆ ಈ ನಾಲ್ಕು ಪ್ರಶ್ನೆ ಕೇಳಿ:

1. ಈ ನಿಯಮ ಎಷ್ಟು ಕಾಲ ಇರುತ್ತದೆ? ನಾಳೆ ಬದಲಾಗುವುದಿಲ್ಲ ಎಂಬ ಭರವಸೆ ಇದೆಯೆ?
2. ತಿಂಗಳಿಂದ ತಿಂಗಳಿಗೆ ಏನು ಸುಧಾರಿಸಬೇಕು?
3. ಲಾಭ ಯಾರಿಗೆ, ಹೊರೆ ಯಾರಿಗೆ?
4. ಉಳಿಸಿದ್ದನ್ನು ಎಣಿಸುವವರು ಯಾರು?

ವಿರೋಧ ಪಕ್ಷದವರು ಮೂರನೆಯ ಪ್ರಶ್ನೆಯನ್ನು ಬಿಡದೆ ಕೇಳಲಿ. ಜರ್ಮನಿಯ ಸಂಸತ್ತಿಗೆ ಅದಕ್ಕೆ ಸರಿಯಾದ ಉತ್ತರ ಹುಡುಕಲು 22 ವರ್ಷ ಹಿಡಿಯಿತು. ನೀವು ಅಷ್ಟು ಕಾಯಬೇಕಾಗಿಲ್ಲ.