ಒಂದೇ ತಂತಿ, ಮೂವರು ಒಡೆಯರು

ಬೆಂಗಳೂರಿನ ಪಶ್ಚಿಮ ಭಾಗದ ನಂದಿನಿ ಲೇಔಟ್ ಬಡಾವಣೆಯ ಹೆಸರನ್ನು ಕೇಳಿದೊಡನೆ ಕನ್ನಡಿಗನ ನೆನಪಿಗೆ ಬರುವುದು ಶ್ರೀ ಕಂಠೀರವ ಸ್ಟುಡಿಯೋ. ಡಾ. ರಾಜಕುಮಾರ್ ಅವರ ಸಮಾಧಿಯೂ, ಅವರ ಕಿರಿಯ ಪುತ್ರ ಪುನೀತ್ ರಾಜಕುಮಾರ್ ಅವರ ಸಮಾಧಿಯೂ ಆ ಆವರಣದಲ್ಲಿಯೇ ಇವೆ. ಅಲ್ಲಿಗೆ ಬಂದು ಕೈಮುಗಿದು ಹಿಂದಿರುಗುವವರು ಬೀದಿಯಲ್ಲಿ ಒಮ್ಮೆ ತಲೆಯೆತ್ತಿ ನೋಡಿದರೆ, ನಗರದ ಇತರ ಬಡಾವಣೆಗಳಲ್ಲಿರುವಂತೆಯೇ ಇಲ್ಲಿಯೂ ಕಂಬದಿಂದ ಮರದ ಕೊಂಬೆಗೂ, ಕೊಂಬೆಯಿಂದ ಮನೆಯ ಮಾಳಿಗೆಗೂ ಹಾಯ್ದುಹೋಗಿರುವ ಕರಿಯ ತಂತಿಗಳನ್ನು ಕಾಣುವರು. ಆ ತಂತಿಯ ಮೂಲಕ ಮನೆಯೊಳಕ್ಕೆ ಚಲಚ್ಚಿತ್ರ ಬರುತ್ತದೆ, ವಾರ್ತೆ ಬರುತ್ತದೆ, ದೂರವಾಣಿಯ ಮಾತು ಬರುತ್ತದೆ, ಮಕ್ಕಳ ಪಾಠವೂ ಬರುತ್ತದೆ. ತಂತಿ ಒಂದೇ, ಅದನ್ನು ಆಳುವ ಒಡೆಯರು ಮಾತ್ರ ಮೂವರು. ಈ ಮೂವರ ನಡುವೆ ಪ್ರಜೆಯ ಹಕ್ಕು ಎಲ್ಲಿ ನಿಂತಿದೆ ಎಂಬುದನ್ನು ವಿಚಾರಮಾಡಬೇಕಾದ ಕಾಲ ಬಂದಿದೆ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ೨೦೨೦ನೆಯ ಜುಲೈ ತಿಂಗಳಲ್ಲಿ, ಸಾಂಕ್ರಾಮಿಕ ರೋಗದ ಕಾರಣದಿಂದ ಚಿತ್ರಮಂದಿರಗಳು ಮುಚ್ಚಿದ್ದಾಗ, ಪುನೀತ್ ಅವರ ಪಿ.ಆರ್.ಕೆ. ಪ್ರೊಡಕ್ಷನ್ಸ್ ಸಂಸ್ಥೆಯು ತಯಾರಿಸಿದ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಎಂಬ ಚಿತ್ರಗಳು ಚಿತ್ರಮಂದಿರದ ಮುಖವನ್ನೇ ನೋಡದೆ ಅಮೆಜಾನ್ ಪ್ರೈಮ್ ವಿಡಿಯೋದ ಮೂಲಕ ನೇರವಾಗಿ ಮನೆಗಳಿಗೆ ಬಂದುವು. ಚಿತ್ರಮಂದಿರದಲ್ಲಿ ತೋರಿಸಬೇಕಾದ ಚಿತ್ರಕ್ಕೆ ೧೯೫೨ರ ಚಲಚ್ಚಿತ್ರ ಕಾಯಿದೆಯಂತೆ ಮಂಡಳಿಯ ಪ್ರಮಾಣಪತ್ರ ಬೇಕು. ಕೇಬಲ್ ತಂತಿಯ ಮೂಲಕ ದೂರದರ್ಶನದ ಪೆಟ್ಟಿಗೆಯಲ್ಲಿ ತೋರಿಸಬೇಕಾದುದಕ್ಕೆ ೧೯೯೫ರ ಕೇಬಲ್ ಟೆಲಿವಿಷನ್ ಜಾಲಗಳ ಕಾಯಿದೆ ಅನ್ವಯಿಸುತ್ತದೆ. ಅಂತರ್ಜಾಲದ ಚಿತ್ರಗಳಿಗಾದರೋ ಆ ತಿಂಗಳಲ್ಲಿ ಪ್ರತ್ಯೇಕ ನಿಯಮವೇ ಇರಲಿಲ್ಲ. ೨೦೨೦ರ ನವೆಂಬರ್ ೯ರಂದು ಅವು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವಶಕ್ಕೆ ಬಂದು, ೨೦೨೧ರ ಫೆಬ್ರವರಿಯಲ್ಲಿ ಅವುಗಳಿಗೆ ನಿಯಮಗಳು ಹೊರಟುವು. ಚಿತ್ರ ಒಂದೇ, ನೋಡುವ ಕಣ್ಣೂ ಒಂದೇ. ಬಂದ ದಾರಿ ಬೇರೆಯಾದ ಮಾತ್ರಕ್ಕೆ ಧರ್ಮವೂ ಬೇರೆಯಾಯಿತು.

ತಂತಿಯನ್ನು ಎಳೆಯುವವನ ಪಾಡೂ ಹೀಗೆಯೇ. ೧೯೯೫ರ ಕಾಯಿದೆಯಂತೆ ಪ್ರಧಾನ ಅಂಚೆ ಕಚೇರಿಯಲ್ಲಿ ಹೆಸರನ್ನು ನೋಂದಾಯಿಸಿಕೊಂಡು ವೃತ್ತಿಯನ್ನು ಆರಂಭಿಸಿದ ಕೇಬಲ್ಲಿನವನು ಕ್ರಮೇಣ ಅದೇ ಗಿರಾಕಿಗಳಿಗೆ ಅಂತರ್ಜಾಲವನ್ನೂ ಒದಗಿಸತೊಡಗಿದನು. ಚಿತ್ರಕ್ಕಾಗಿ ಅವನು ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ ಅಧೀನ. ಅಂತರ್ಜಾಲದ ಸಂಪರ್ಕಕ್ಕಾಗಿ ದೂರಸಂಪರ್ಕ ಇಲಾಖೆಗೆ ಅಧೀನ. ಆ ಸಂಪರ್ಕದ ಮೇಲೆ ಸಾಗುವ ಮಾತಿನ ವಿಷಯದಲ್ಲಿ ಮಾಹಿತಿ ತಂತ್ರಜ್ಞಾನ ಸಚಿವಾಲಯದ ಆಜ್ಞೆಗಳಿಗೂ ಅಧೀನ. ಮೇಲಾಗಿ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವೊಂದುಂಟು. ೧೯೯೭ರಲ್ಲಿ ಹುಟ್ಟಿದ ಆ ಪ್ರಾಧಿಕಾರದ ಕಕ್ಷೆಗೆ ೨೦೦೪ರಲ್ಲಿ ಪ್ರಸಾರ ಮತ್ತು ಕೇಬಲ್ ಸೇವೆಗಳನ್ನೂ ಸೇರಿಸಲಾಯಿತು. ಅದು ದರವನ್ನು ಗೊತ್ತುಮಾಡಬಲ್ಲುದು. ಪರವಾನಗಿಯ ವಿಷಯದಲ್ಲಿ ಸಲಹೆ ಕೊಡಬಲ್ಲುದಷ್ಟೇ.

ಈ ಗೊಂದಲವು ಕೇವಲ ಅಧಿಕಾರವರ್ಗದ ಅನಾನುಕೂಲವೆಂದು ಎಣಿಸುವವರು ಅದರ ಮೂಲವನ್ನು ನೋಡಬೇಕು. ೧೮೮೫ರ ತಂತಿ ಕಾಯಿದೆಯು ಪರರಾಜ್ಯದ ಸೃಷ್ಟಿ. ಸಂದೇಶವನ್ನು ಸಾಗಿಸುವ ಅಧಿಕಾರವೆಲ್ಲವೂ ಸರಕಾರದ ಏಕಸ್ವಾಮ್ಯವೆಂದೂ, ಪ್ರಜೆಗೆ ದೊರೆಯುವುದು ಅನುಗ್ರಹರೂಪದ ಪರವಾನಗಿ ಮಾತ್ರವೆಂದೂ ಅದು ಸಾರಿತು. ಆ ಕಾಲದಲ್ಲಿಯೂ ನಮ್ಮ ನಾಡು ಬೇರೊಂದು ದಾರಿಯನ್ನು ತೋರಿಸಿತ್ತು. ೧೯೩೫ನೆಯ ಸೆಪ್ಟೆಂಬರ್ ೧೦ರಂದು ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ಪ್ರಸಾರಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದರು. ಮುಂದೆ ಇಡೀ ದೇಶದ ಬಾನುಲಿಗೆ ಹೆಸರಾದ 'ಆಕಾಶವಾಣಿ' ಎಂಬ ಮಾತು ಆ ನಿಲಯದ್ದೇ. ೧೯೪೨ರ ಆಗಸ್ಟಿನಲ್ಲಿ ಮುಂಬಯಿಯಲ್ಲಿ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದಾಗ, ನವೆಂಬರಿನಲ್ಲಿ ಅವರನ್ನು ಹಿಡಿದು ಸೆರೆಗೆ ಹಾಕಲಾಯಿತು. ಧ್ವನಿಯು ಪ್ರಜೆಯದೋ ಪ್ರಭುವಿನದೋ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ಸ್ವರಾಜ್ಯ ಬಂದ ಮೇಲೆ ಈ ಪ್ರಶ್ನೆಗೆ ಉತ್ತರ ದೊರೆಯಲು ೪೭ ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ೧೯೯೫ರ ಫೆಬ್ರವರಿ ೯ರಂದು ಸರ್ವೋಚ್ಚ ನ್ಯಾಯಾಲಯವು ಬಂಗಾಳದ ಕ್ರಿಕೆಟ್ ಸಂಘದ ಮೊಕದ್ದಮೆಯಲ್ಲಿ, ಆಕಾಶತರಂಗಗಳು ಸಾರ್ವಜನಿಕ ಸ್ವತ್ತೆಂದೂ, ಅವುಗಳ ನಿಯಂತ್ರಣಕ್ಕಾಗಿ ಸರಕಾರದಿಂದ ಸ್ವತಂತ್ರವಾದ ಸಾರ್ವಜನಿಕ ಪ್ರಾಧಿಕಾರವನ್ನು ಏರ್ಪಡಿಸಬೇಕೆಂದೂ ತೀರ್ಪಿತ್ತಿತು. ೨೦೦೧ರ ಜುಲೈ ೩ರಂದು ದೇಶದ ಪ್ರಥಮ ಖಾಸಗಿ ಎಫ್.ಎಂ. ಬಾನುಲಿಯಾದ ರೇಡಿಯೋ ಸಿಟಿ ನಮ್ಮ ಬೆಂಗಳೂರಿನಲ್ಲಿಯೇ ಆರಂಭವಾಯಿತು. ಆಗಸ್ಟಿನಲ್ಲಿ ಪ್ರಸಾರ, ದೂರಸಂಪರ್ಕ, ಅಂತರ್ಜಾಲಗಳನ್ನು ಒಂದೇ ಆಯೋಗದ ಕೆಳಗೆ ತರುವ ಸಂಪರ್ಕ ಸಂಗಮ ಮಸೂದೆಯು ಲೋಕಸಭೆಯ ಮುಂದೆ ಬಂತು. ೨೦೦೪ರಲ್ಲಿ ಆ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಅದರೊಡನೆ ಅಸ್ತಮಿಸಿತು. ಇಂಗ್ಲೆಂಡಿನಲ್ಲಿ ಐದು ನಿಯಂತ್ರಣ ಸಂಸ್ಥೆಗಳನ್ನು ಕೂಡಿಸಿ ಆಫ್‌ಕಾಮ್ ಎಂಬ ಒಂದೇ ಸಂಸ್ಥೆಯು ೨೦೦೩ರ ಡಿಸೆಂಬರಿನಲ್ಲಿ ಕೆಲಸಕ್ಕೆ ತೊಡಗಿತು. ಅವರು ಕೈಗೊಂಡುದನ್ನು ಮುಗಿಸಿದರು. ನಾವು ಕೈಗೊಂಡುದನ್ನು ಕೈಬಿಟ್ಟೆವು.

ಕೈಬಿಟ್ಟುದರ ಫಲವೇನೆಂಬುದನ್ನು ಕೋಲಾರ ಜಿಲ್ಲೆಯ ಬೂದಿಕೋಟೆಯ ಹಳ್ಳಿಗರು ಚೆನ್ನಾಗಿ ಬಲ್ಲರು. ಇಪ್ಪತ್ತೊಂದನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅವರು 'ನಮ್ಮ ಧ್ವನಿ' ಎಂಬ ಸಮುದಾಯ ಬಾನುಲಿಯನ್ನು ನಡೆಸಲು ಮುಂದಾದರು. ಹಳ್ಳಿಯ ಸಂಘಗಳಿಗೆ ಆಕಾಶತರಂಗವನ್ನು ಬಳಸಲು ಕಾಯಿದೆ ಆಸ್ಪದ ಕೊಡಲಿಲ್ಲ. ಆದಕಾರಣ ಅವರು ತಮ್ಮ ಮಾತನ್ನು ದೂರದರ್ಶನದ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ಕಳುಹಿಸಿದರು! ಗಾಳಿಯಲ್ಲಿ ಹೋದರೆ ಅಪರಾಧವಾಗುತ್ತಿದ್ದ ಮಾತು ತಂತಿಯಲ್ಲಿ ಹೋದರೆ ನಿರಪರಾಧಿಯಾಯಿತು. ಸ್ವಯಂಸೇವಾ ಸಂಸ್ಥೆಗಳಿಗೆ ಸಮುದಾಯ ಬಾನುಲಿಯ ಅನುಮತಿ ದೊರೆತದ್ದು ೨೦೦೬ರಲ್ಲಿ.

ಇಂಥ ಅಸಂಗತಿಗಳು ಇನ್ನೂ ತೀರಿಲ್ಲ. ಖಾಸಗಿ ಎಫ್.ಎಂ. ನಿಲಯವು ೨೦೦೧ರಲ್ಲಿ ಆರಂಭವಾದಾಗ ಅದಕ್ಕೆ ವಾರ್ತೆಯನ್ನು ಓದುವ ಹಕ್ಕನ್ನು ಕೊಡಲಿಲ್ಲ. ಮುಂದೆ ಕೊಟ್ಟದ್ದು ಆಕಾಶವಾಣಿಯ ವಾರ್ತೆಯನ್ನು ಯಥಾವತ್ತಾಗಿ ಮರುಪ್ರಸಾರ ಮಾಡುವ ಅನುಮತಿಯನ್ನು ಮಾತ್ರ. ಗಂಟೆಗೆ ೧೦ ನಿಮಿಷಗಳಷ್ಟಾದರೂ ಸ್ವಂತ ವಾರ್ತೆಗೆ ಅವಕಾಶವಿರಲೆಂದು ನಿಯಂತ್ರಣ ಪ್ರಾಧಿಕಾರವು ೨೦೨೩ರ ಸೆಪ್ಟೆಂಬರಿನಲ್ಲಿ ಶಿಫಾರಸು ಮಾಡಿತು. ಆದರೆ ಕೈಯಲ್ಲಿರುವ ದೂರವಾಣಿಯಲ್ಲಿ ಯಾರು ಬೇಕಾದರೂ ದಿನವಿಡೀ ವಾರ್ತೆಯನ್ನು ಓದಬಹುದು, ಸುಳ್ಳು ವಾರ್ತೆಯನ್ನು ಕೂಡ. ಕೇಬಲ್ಲಿನಲ್ಲಿ ಬರುವ ಕಾರ್ಯಕ್ರಮವನ್ನು ನಿಲ್ಲಿಸಲು ೧೯೯೫ರ ಕಾಯಿದೆಯು ಜಿಲ್ಲಾ ದಂಡಾಧಿಕಾರಿಗೂ ಪೋಲೀಸ್ ಆಯುಕ್ತರಿಗೂ ಅಧಿಕಾರವಿತ್ತಿದೆ. ಅದೇ ಕಾರ್ಯಕ್ರಮವು ಅಂತರ್ಜಾಲದಲ್ಲಿ ಬಂದರೆ ಬೇರೊಂದು ಕಾಯಿದೆಯಂತೆ ಬೇರೊಬ್ಬರು, ಅನೇಕ ವೇಳೆ ರಹಸ್ಯವಾಗಿಯೇ, ತಡೆಯಾಜ್ಞೆ ಹೊರಡಿಸುತ್ತಾರೆ. ಸಾಮಾಜಿಕ ಮಾಧ್ಯಮ ಸಂಸ್ಥೆಗಳಿಗೆ ಅಧಿಕಾರಿಗಳು ಸೂಚನೆಗಳನ್ನು ಕಳುಹಿಸುವ 'ಸಹಯೋಗ್' ಎಂಬ ಏರ್ಪಾಡನ್ನು ಪ್ರಶ್ನಿಸಿ ಎಕ್ಸ್ ಸಂಸ್ಥೆಯು ಸಲ್ಲಿಸಿದ ಅರ್ಜಿಯನ್ನು ಕರ್ನಾಟಕ ಉಚ್ಚ ನ್ಯಾಯಾಲಯವು ೨೦೨೫ರ ಸೆಪ್ಟೆಂಬರ್ ೨೪ರಂದು ವಜಾ ಮಾಡಿತು. ಘನ ನ್ಯಾಯಾಲಯದ ತೀರ್ಪಿಗೆ ನಮ್ಮ ಗೌರವವುಂಟು. ಆದರೆ ಯಾವ ಮಾತನ್ನು ಯಾರು, ಯಾವ ಕಾರಣದಿಂದ ಅಳಿಸಿದರೆಂಬುದು ಆ ಮಾತನ್ನಾಡಿದ ಪ್ರಜೆಗೆ ತಿಳಿಯಲೇಬೇಕೆಂಬ ಸ್ಪಷ್ಟವಾದ ಶಾಸನವನ್ನು ಮಾಡುವುದು ನ್ಯಾಯಾಧೀಶರ ಕೆಲಸವಲ್ಲ, ಸಂಸತ್ತಿನ ಕೆಲಸ.

ಸರಕಾರದ ಕೈಯೊಂದೇ ಭಯಕ್ಕೆ ಕಾರಣವೆಂದು ನಾವು ಹೇಳುವುದಿಲ್ಲ. ೨೦೨೪ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿ ಸಂಸ್ಥೆಗಳ ಭಾರತದ ಮಾಧ್ಯಮೋದ್ಯಮಗಳು ಒಂದಾದುವು. ಇದರಿಂದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎಂಬೆರಡು ಪ್ರಮುಖ ಕನ್ನಡ ವಾಹಿನಿಗಳು ಒಂದೇ ಮನೆಯ ಸೊತ್ತಾದುವು. ದೇಶದಲ್ಲಿ ಅತಿ ಹೆಚ್ಚು ಚಂದಾದಾರರನ್ನುಳ್ಳ ದೂರಸಂಪರ್ಕ ಜಾಲವೂ ಅದೇ ಮನೆತನದ್ದು. ಸ್ಪರ್ಧಾ ಆಯೋಗವು ಷರತ್ತುಗಳೊಡನೆ ಇದಕ್ಕೆ ಒಪ್ಪಿಗೆಯಿತ್ತಿದೆ. ಕಾಯಿದೆಗೆ ವಿರುದ್ಧವಾದುದು ಇಲ್ಲಿ ಏನೂ ಇಲ್ಲ. ಆದರೆ ದಾರಿಯ ಒಡೆಯನೇ ಸಂತೆಯ ದೊಡ್ಡ ವರ್ತಕನೂ ಆದಾಗ, ಬೇರೆ ವರ್ತಕರ ಗಾಡಿಗಳಿಗೂ ಸಮನಾದ ದಾರಿ ದೊರೆಯುವುದೇ ಎಂದು ಕೇಳುವುದು ಅಸೂಯೆಯಲ್ಲ, ವಿವೇಕ. ಅಂತರ್ಜಾಲದಲ್ಲಿ ವಿಷಯವನ್ನು ನೋಡಿ ದರವನ್ನು ಹೆಚ್ಚುಕಡಿಮೆ ಮಾಡಬಾರದೆಂದು ೨೦೧೬ರ ಫೆಬ್ರವರಿ ೮ರಂದು ನಿಯಂತ್ರಣ ಪ್ರಾಧಿಕಾರವು ವಿಧಿಸಿದ್ದು ಸ್ತುತ್ಯ ಕಾರ್ಯ. ಆ ಸಮತೆಯು ಪರದೆಯ ಮೇಲೆ ಯಾವ ಚಿತ್ರ ಮುಂದೆ, ಯಾವುದು ಹಿಂದೆ ಎಂಬ ವಿಷಯಕ್ಕೂ ವಿಸ್ತರಿಸದಿದ್ದರೆ, ಚಿಕ್ಕ ಕನ್ನಡ ನಿರ್ಮಾಪಕನ ಚಿತ್ರವು ನಿಷೇಧವಿಲ್ಲದೆಯೇ ಕಣ್ಮರೆಯಾಗುವುದು.

ಈ ನಡುವೆ ದೆಹಲಿಯಲ್ಲಿ ನಡೆದುದೇನು? ೧೮೮೫ರ ಕಾಯಿದೆಯ ಸ್ಥಾನದಲ್ಲಿ ನಿಲ್ಲಲೆಂದು ೨೦೨೩ರ ಡಿಸೆಂಬರಿನಲ್ಲಿ ದೂರಸಂಪರ್ಕ ಕಾಯಿದೆ ಅಂಗೀಕೃತವಾಗಿ, ೨೦೨೪ರ ಜೂನ್ ೨೬ರಿಂದ ಭಾಗಭಾಗವಾಗಿ ಜಾರಿಗೆ ಬರಲಾರಂಭಿಸಿತು. ಪ್ರಸಾರ ಸೇವೆಗಳಿಗೆ ಬೇರೊಂದು ಮಸೂದೆಯ ಕರಡು ೨೦೨೩ರ ನವೆಂಬರಿನಲ್ಲಿ ಹೊರಟಿತು. ಅದರ ತಿದ್ದಿದ ಪ್ರತಿಯನ್ನು ೨೦೨೪ರಲ್ಲಿ ಕೆಲವರಿಗೆ ಮಾತ್ರ ತೋರಿಸಿ, ಆಕ್ಷೇಪಣೆಗಳೆದ್ದ ಮೇಲೆ ಆಗಸ್ಟಿನಲ್ಲಿ ಹಿಂದಕ್ಕೆ ಪಡೆಯಲಾಯಿತು. ಪ್ರಜೆಯ ಕಿವಿ ಕಣ್ಣುಗಳಿಗೆ ಸಂಬಂಧಿಸಿದ ಶಾಸನವನ್ನು ಪ್ರಜೆಗೆ ತೋರಿಸದೆ ರಚಿಸುವ ಪದ್ಧತಿಯು ಪರರಾಜ್ಯಕ್ಕೆ ಒಪ್ಪುವುದೇ ಹೊರತು ಸ್ವರಾಜ್ಯಕ್ಕೆ ಒಪ್ಪುವುದಿಲ್ಲ.

ಮೂರು ಕಾಯಿದೆಗಳ ಬದಲು ಒಂದು ಕಾಯಿದೆ ಬಂದರೆ ಮೂರು ಚಾವಟಿಗಳ ಬದಲು ಒಂದು ದೊಡ್ಡ ಚಾವಟಿ ಬಂದಂತಾಗುವುದೆಂದು ಕೆಲವರು ಭಯಪಡುತ್ತಾರೆ. ಈ ಭಯ ನಿರಾಧಾರವಲ್ಲ. ಗೊಂದಲದ ಸಂದಿಯಲ್ಲಿಯೇ ಬೂದಿಕೋಟೆಯ ಧ್ವನಿ ಉಸಿರಾಡಿತೆಂಬುದು ನಿಜ. ಆದರೆ ಸಂದಿಯಲ್ಲಿ ದೊರೆಯುವ ಸ್ವಾತಂತ್ರ್ಯವು ಹಕ್ಕಲ್ಲ. ಅಧಿಕಾರಿಯ ಕಣ್ಣು ಬೀಳುವವರೆಗಿನ ಅವಕಾಶ ಮಾತ್ರ. ಆದಕಾರಣ ಸಾಗಣೆಯನ್ನೂ ಸಂದೇಶವನ್ನೂ ಸ್ಪಷ್ಟವಾಗಿ ಬೇರ್ಪಡಿಸುವುದೇ ಸರಿಯಾದ ಮಾರ್ಗವೆಂದು ನಮ್ಮ ಅಭಿಪ್ರಾಯ. ತಂತಿ, ತರಂಗ, ದರ, ಗಿರಾಕಿಯ ದೂರು, ಎಲ್ಲರಿಗೂ ಸಮನಾದ ದಾರಿ ಇವುಗಳಿಗೆ ಒಂದೇ ಕಾಯಿದೆ, ಒಂದೇ ಪ್ರಾಧಿಕಾರ ಇರಲಿ. ಆ ಪ್ರಾಧಿಕಾರದ ಸದಸ್ಯರ ನೇಮಕವು ಸಚಿವರ ಇಚ್ಛೆಯೊಂದಕ್ಕೇ ಒಳಪಡದೆ, ವಿರೋಧಪಕ್ಷವೂ ನ್ಯಾಯಾಂಗವೂ ಭಾಗವಹಿಸುವ ಸಮಿತಿಯಿಂದ ಆಗಲಿ. ಮಾತಿನ ತಪ್ಪುಒಪ್ಪುಗಳ ನಿರ್ಣಯವಾದರೋ ಸಾಮಾನ್ಯ ಕಾಯಿದೆಗೂ ನ್ಯಾಯಾಲಯಕ್ಕೂ ಸೇರಿದ್ದು. ತುರ್ತು ಸಂದರ್ಭದಲ್ಲಿ ಹೊರಡುವ ತಡೆಯಾಜ್ಞೆಗೂ ಬರಹದ ಕಾರಣ, ಗೊತ್ತಾದ ಅವಧಿ, ಮೇಲ್ಮನವಿ ಎಂಬ ಮೂರು ಕಟ್ಟುಗಳಿರಲಿ.

ಇನ್ನು ಬೀದಿಯ ತಂತಿಯ ಮಾತು. ೨೦೨೪ರಲ್ಲಿ ಬೆಸ್ಕಾಂ ತನ್ನ ಕಂಬಗಳ ಮೇಲಿನ ಅನಧಿಕೃತ ತಂತಿಗಳನ್ನು ತೆಗೆಯಬೇಕೆಂದು ಗಡುವು ವಿಧಿಸಿ, ಅನಂತರ ಕತ್ತರಿಸುವುದಕ್ಕೂ ತೊಡಗಿತು. ಹಾದುಹೋಗುವವರ ಪ್ರಾಣರಕ್ಷಣೆಗೆ ಅದು ಅವಶ್ಯ. ಆದರೆ ಕತ್ತರಿಸಿದ ತಂತಿಯೊಡನೆ ಯಾರ ಮನೆಯ ವಾರ್ತೆ, ಯಾರ ಉದ್ಯೋಗ, ಯಾರ ಮಗುವಿನ ಪಾಠ ನಿಂತಿತೆಂಬುದಕ್ಕೆ ಉತ್ತರ ಹೇಳುವವರಾರು? ಕಂಬದವರು ಕೇಬಲ್ಲಿನವರನ್ನು ತೋರಿಸುವರು. ಕೇಬಲ್ಲಿನವರು ಇಲಾಖೆಯನ್ನು ತೋರಿಸುವರು. ಇಲಾಖೆಯು ಇನ್ನೊಂದು ಇಲಾಖೆಯನ್ನು ತೋರಿಸುವುದು. ನೆಲದಡಿಯಲ್ಲಿ ಎಲ್ಲರಿಗೂ ಸಾಮಾನ್ಯವಾದ ಕೊಳವೆಮಾರ್ಗವನ್ನು ನಿರ್ಮಿಸಿ, ನ್ಯಾಯವಾದ ಬಾಡಿಗೆಗೆ ದೊಡ್ಡವರಿಗೂ ಚಿಕ್ಕವರಿಗೂ ಸಮನಾಗಿ ಕೊಡುವುದು ನಗರಾಡಳಿತದ ಕರ್ತವ್ಯ. ಇದಕ್ಕೆ ದೆಹಲಿಯ ಅಪ್ಪಣೆಗಾಗಿ ಕಾಯಬೇಕಾದುದಿಲ್ಲ.

ಆಕಾಶವಾಣಿಗೆ ಹೆಸರನ್ನಿತ್ತ ನಾಡು ನಮ್ಮದು. ಖಾಸಗಿ ಬಾನುಲಿ ದೇಶದಲ್ಲಿ ಮೊದಲು ಕೇಳಿಬಂದ ಊರು ನಮ್ಮದು. ಕರ್ನಾಟಕದ ಸಂಸತ್ಸದಸ್ಯರು ಪಕ್ಷಭೇದವನ್ನು ಬದಿಗಿಟ್ಟು, ೧೯೯೫ರ ತೀರ್ಪು ಕೇಳಿದ ಸ್ವತಂತ್ರ ಪ್ರಾಧಿಕಾರವೆಲ್ಲಿ ಎಂದು ಸಂಸತ್ತಿನಲ್ಲಿ ಕೇಳಬೇಕು. ನಂದಿನಿ ಲೇಔಟಿನ ಗೃಹಸ್ಥನು ತಿಂಗಳು ತಿಂಗಳೂ ತಂತಿಗೆ ಹಣ ತೆರುತ್ತಾನೆ. ತನ್ನ ಮನೆಗೆ ಬರುವ ಮಾತನ್ನು ತಡೆದವರಾರು, ಏತಕ್ಕೆ ಎಂದು ಕೇಳಿದಾಗ ಒಂದೇ ಬಾಗಿಲಿನಲ್ಲಿ, ಬರಹದಲ್ಲಿ, ಅವನಿಗೆ ಉತ್ತರ ದೊರೆಯಬೇಕು. ಅಷ್ಟನ್ನೂ ಕೊಡಲಾರದ ಕಾಯಿದೆಗೆ ೨೦೨೩ರ ಮುದ್ರೆಯಿದ್ದರೂ ಅದರ ಆತ್ಮವು ೧೮೮೫ರದೇ.